ಮೀನಿಲ್ಲದ ಗಾಳಕ್ಕೆ ಗುರು ಹುಡುಕಿದ್ದು

೧

ಆಷಾಢದ ಗಾಳಿ. ಬೇಗೂರಿನ ಆಚೆ ಪುಟ್ಟಬಸಪ್ಪನ ಹೊಲದಲ್ಲಿ ಚೆಂಡುಹೂವಿನ ಕೊಯ್ಲು ನಡೆದಿದೆ. ಹೆಂಗಸರು ಸೊಂಟಕ್ಕೆ ಹಳೇ ಸೀರೆಯ ಮಡಿಲು ಕಟ್ಟಿಕೊಂಡು ಸಾಲು ಹಿಡಿದಿದ್ದಾರೆ. ಪಕ್ಕದ ಹೊಲದ ಸೂರ್ಯಕಾಂತಿಯೊಳಗೆ ಕೇರಳದ ಕಾರಿನಿಂದಿಳಿದ ಹೊಸ ಜೋಡಿಯೊಂದು ಫೋಟೋಕ್ಕೆ ನಿಂತಿದೆ. ಹೊಲದವನು ಅವರಿಗೆ ಬೆಳೆಯ ಬಗ್ಗೆ ಏನೂ ಹೇಳುತ್ತಿಲ್ಲ. ಗಿಡ ಮುರಿಯದ ಹಾಗೆ ಹೇಗೆ ತಬ್ಬಿಕೊಳ್ಳಬೇಕು ಅಂತ ಹೇಳಿಕೊಡುತ್ತಿದ್ದಾನೆ.

ಹೀಗೆ ಶುರುಮಾಡಬಹುದೇ? ನಿಜ ಹೇಳಬೇಕೆಂದರೆ ಹೇಗೆ ಶುರುಮಾಡಬೇಕೋ ಗೊತ್ತಾಗುತ್ತಿಲ್ಲ. ನಾನು ಹೊಲದಿಂದಲೇ ಶುರುಮಾಡುವವನು. ಮಳೆ ಆಯಿತೋ ಇಲ್ಲವೋ, ಕಳೆ ಮುಗಿಯಿತೋ ಇಲ್ಲವೋ, ಅದು ಇತ್ಯರ್ಥವಾಗದೆ ನನ್ನ ಪಾತ್ರಗಳು ಬಾಯಿ ಬಿಡುವುದಿಲ್ಲ. ಆದರೆ ಈ ಕಥೆ ಫ್ಲೈ ಕ್ಯಾಸ್ಟಿಂಗ್ ಬಗ್ಗೆ. ಉದ್ದನೆಯ, ಬಳುಕುವ ಒಂದು ಕೋಲು. ಕೋಲಿನ ತುದಿಯಿಂದ ಕೊಂಚ ದಪ್ಪನೆಯ ದಾರ. ದಾರದ ಕೊನೆಗೆ ನೊಣದ ಹಾಗೆ ಕಾಣುವ ಒಂದು ಕುಚ್ಚು. ಕೋಲನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಬೀಸಿದರೆ ದಾರ ಗಾಳಿಯಲ್ಲಿ ಸುರುಳಿ ಬಿಚ್ಚುತ್ತಾ ಹೋಗಿ, ಕುಚ್ಚು ನೀರಿನ ಮೇಲೆ ನೊಣ ಕೂತಷ್ಟೇ ಹಗುರಾಗಿ ಕೂರಬೇಕು. ಮೀನು ಮೋಸಹೋಗಬೇಕು. ನನಗೆ ಗೊತ್ತಿರುವ ಮಟ್ಟಿಗೆ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇದನ್ನು ಮಾಡಿದವರು ಯಾರೂ ಇಲ್ಲ. ಹಾಗಾಗಿ ಕಥೆ ಬರೆಯುವುದಕ್ಕೆ ಅಡ್ಡಿಯಿಲ್ಲ.

೧ (ಇನ್ನೊಂದು ಸಲ)

ಪುಟ್ಟಬಸಪ್ಪನ ಹೆಂಡತಿ ಸುಧಾಮಣಿ ಆ ಹೊತ್ತಿಗೆ ಹೊಲದಲ್ಲಿರಲಿಲ್ಲ.

(ಈ ವಾಕ್ಯ ಪರವಾಗಿಲ್ಲ. ಇಟ್ಟುಕೊಳ್ಳೋಣ. ಮೇಲಿನ ಹೊಲ, ಗಾಳಿ, ಕೇರಳದ ಜೋಡಿ ಎಲ್ಲ ದಂಡ. ಆದರೂ ಹೊಡೆದುಹಾಕುವುದಿಲ್ಲ. ಬಿತ್ತಿದ್ದನ್ನು ಉತ್ತುಹಾಕಲು ನನಗೆ ಮನಸ್ಸು ಬರುವುದಿಲ್ಲ.)

ಅವಳು ಕೇರಳದ ಗಡಿಯ ಹತ್ತಿರದ ಮದ್ದೂರಿನ ಕಡೆ ಹೋಗುವ ರಸ್ತೆಯಲ್ಲಿ, ಕಾಡಂಚಿನ ಒಂದು ರೆಸಾರ್ಟಿನ ಲಿನನ್ ರೂಮಿನಲ್ಲಿ ಬೆಡ್‌ಶೀಟು ಮಡಿಸುತ್ತಿದ್ದಳು. ಆ ಕೋಣೆಗೆ ಕಿಟಕಿಯಿಲ್ಲ. ಮಳೆ ಬಂತೇ ಅಂತ ತಿಳಿಯಬೇಕಾದರೆ ಒಳಗೆ ಬರುವ ಟವೆಲ್ಲುಗಳನ್ನು ಮುಟ್ಟಿ ನೋಡಬೇಕು. ಮದುವೆಯಾದ ಮೇಲೆ ಸೇರಿದ ಕೆಲಸ, ಅವತ್ತಿಗೂ ಅದೇ ಕೋಣೆ, ಅದೇ ಟ್ಯೂಬ್‌ಲೈಟು.

ಮೈಸೂರಿನವನಾದ ಮ್ಯಾನೇಜರಿಗೆ ಒಂದು ಚಿಂತೆ. ಸಫಾರಿಯಲ್ಲಿ ಹುಲಿ ಕಾಣದ ಅತಿಥಿಗಳು ಸಂಜೆಯ ಹೊತ್ತಿಗೆ ಅವನ ಮೇಲೆ ಎಗರುತ್ತಿದ್ದರು. ಅವರಿಗೊಂದು ಕೆಲಸ ಕೊಡಬೇಕು. ಯಾರೋ ಫ್ಲೈ ಫಿಶಿಂಗ್ ಅಂದರು. ಕಾಡಿನ ಹಳ್ಳದಲ್ಲಿ ಮೀನು ಹಿಡಿಯುವ ಹಾಗಿಲ್ಲ, ಅರಣ್ಯ ಇಲಾಖೆ ಬಿಡುವುದಿಲ್ಲ. ರೆಸಾರ್ಟಿನ ಕೊಳಕ್ಕೆ ಪ್ಲಾಸ್ಟಿಕ್ ತಳ, ಅದರಲ್ಲಿ ತಾವರೆಯೊಂದೇ. ಕೊನೆಗೆ ಅವನೇ ದಾರಿ ಕಂಡುಹಿಡಿದ. ಹುಲ್ಲುಹಾಸಿನ ಮೇಲೆ ನಿಂತು ಹುಲ್ಲಿಗೇ ಎಸೆಯುವುದು. ಕೊಕ್ಕೆ ಇಲ್ಲ, ತುದಿಗೆ ಉಲ್ಲನ್ ಕುಚ್ಚು.

‘ಮೀನು ಯಾಕ್ರೀ ಬೇಕು? ಎಕ್ಸ್‌ಪೀರಿಯೆನ್ಸ್ ಇಂಪಾರ್ಟೆಂಟು,’ ಅಂತ ಸ್ಟಾಫಿನವರನ್ನೆಲ್ಲ ಹುಲ್ಲುಹಾಸಿಗೆ ಕರೆದು, ತಾನೇ ಕೋಲು ಹಿಡಿದು ಬೀಸಿ ತೋರಿಸಿದ. ದಾರ ಅವನ ಟೈಗೇ ಸುತ್ತಿಕೊಂಡಿತು. ಬಿಡಿಸಿಕೊಳ್ಳುತ್ತಲೇ ಕೇಳಿದ, ‘ಇದನ್ನ ಕಲಿತು ಗೆಸ್ಟುಗಳಿಗೆ ಹೇಳ್ಕೊಡೋರು ಯಾರಿದೀರಿ?’

ಡ್ರೈವರುಗಳು ನೆಲ ನೋಡಿದರು. ಸುಧಾಮಣಿ ಕೈಯೆತ್ತಿದಳು.

‘ಲಿನನ್ನಿನವ್ರಾ? ಸರಿ. ತಿಂಗಳ ಕೊನೇಲಿ ಬೆಂಗಳೂರಿನ ಕಂಪನಿಯವರ ಗ್ರೂಪು ಬರ್ತಿದೆ. ಅವರಿಗೆ ಒಪ್ಪಿಗೆಯಾದ್ರೆ ಆಕ್ಟಿವಿಟಿ ಡೆಸ್ಕು ನಿಮ್ದು. ಇಲ್ಲಾಂದ್ರೆ ಊಟಿ ಕಡೆಯಿಂದ ಯಾರನ್ನಾದ್ರೂ ಕರೆಸ್ತೀನಿ, ನೀವು ವಾಪಸ್ ಒಳಗೆ.’

ಇಲ್ಲಿ ನಾನು, ‘ಅವಳ ಕಣ್ಣಿನಲ್ಲಿ ಚಿಮ್ಮುವ ಮೀನಿನಂಥ ಹೊಳಪು’ ಎಂದು ಬರೆದಿದ್ದೆ. ಸುಧಾಮಣಿ ತಡೆದಳು.

‘ಮೀನೂ ಇಲ್ಲ ಒಳಪೂ ಇಲ್ಲ ಕಣಿ ಸಾ. ನಂಗೆ ಬೇಕಿದ್ದು ಆ ಹುಲ್ಲು. ಮ್ಯಾಲೆ ಆಕಾಸ ಕಾಣೋ ಕಡೆ ಒಂದು ಕೆಲ್ಸ. ಅಷ್ಟು ಬರ್ಕೊಳಿ ಸಾಕು.’

ಬರೆದುಕೊಂಡೆ.

೨

ಮನೆಯಲ್ಲಿ ಏನಾಯಿತು ಅಂತ ಹೇಳದಿದ್ದರೆ ನಮ್ಮ ಕಡೆಯ ಓದುಗರು ಬಿಡುವುದಿಲ್ಲ. ಅದು ಮೊಟ್ಟೆ ಅನ್ನುವ ಮಾತೂ ಹೊಸಿಲು ದಾಟದ ಮನೆ. ಅತ್ತೆ ಶಾಂತಮಲ್ಲಮ್ಮನವರು ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಲಿಂಗಪೂಜೆ ಮುಗಿಸದೆ ನೀರನ್ನೂ ಮುಟ್ಟುವವರಲ್ಲ.

‘ಗಾಳ ಆಕದು ಕಲ್ಸೋ ಕೆಲ್ಸ್ವಾ?’

‘ಮೀನಿಲ್ಲ ಅತ್ತೆ. ಕೊಕ್ಕೆನೂ ಇಲ್ಲ. ತುದೀಲಿ ಉಲ್ಲನ್ನು.’

‘ನೀರು?’

‘ನೀರೂ ಇಲ್ಲ. ಹುಲ್ಲು.’

ಶಾಂತಮಲ್ಲಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. ‘ಮೀನೂ ಇಲ್ದೆ, ನೀರೂ ಇಲ್ದೆ, ಗಾಳ ಆಕುಸ್ಕೊಳಕೆ ದುಡ್ಡು ಕೊಟ್ಟು ಬತ್ತಾರಾ?’

‘ಬತ್ತಾರೆ.’

‘ಅಯ್ಯೋ ಪಾಪ,’ ಅಂದರು ಅತ್ತೆ. ‘ಕಲ್ಸು ಓಗವ್ವ. ಪುಣ್ಯದ್ ಕೆಲ್ಸ.’

೩

ಈಗ ಕಲಿಸುವವರನ್ನು ಹುಡುಕಬೇಕು. ಕಥೆ ಇರುವುದೇ ಇಲ್ಲಿ.

ಮೊದಲ ಗುರು ಫೋನಿನೊಳಗಿದ್ದ. ಗಡ್ಡದ ಬಿಳಿಯ. ಸೊಂಟದ ತನಕ ತಣ್ಣೀರಿನಲ್ಲಿ ನಿಂತು ನಗುತ್ತಿದ್ದ. ಗಡಿಯಾರದ ಮುಳ್ಳಿನ ಹಾಗೆ ಕೋಲನ್ನು ಒಂದು ಗಂಟೆಯ ಕಡೆ ತಂದು ನಿಲ್ಲಿಸಬೇಕು, ಆಮೇಲೆ ಹತ್ತರ ಕಡೆ ತಂದು ನಿಲ್ಲಿಸಬೇಕು ಅಂದ. ಸುಧಾಮಣಿ ಹಿತ್ತಲಲ್ಲಿ ಫೋನನ್ನು ಕಲ್ಲಿಗೆ ಒರಗಿಸಿಟ್ಟು, ರೆಸಾರ್ಟಿನಿಂದ ತಂದ ಕೋಲು ಹಿಡಿದು ಅವನ ಹಾಗೆಯೇ ಮಾಡಿದಳು. ಅವನ ದಾರ ಬಾನಲ್ಲಿ ತೇಲಿತು. ಅವಳದು ನುಗ್ಗೆಮರ ಹತ್ತಿತು. ಮತ್ತೆ ಮಾಡಿದಳು, ಮತ್ತೆ ನುಗ್ಗೆಮರ. ಬಿಳಿಯ ನಗುತ್ತಲೇ ಇದ್ದ.

‘ಅವ್ನು ನನ್ನ ನೋಡ್ತಿಲ್ವಲ್ಲ ಸಾ,’ ಅಂದಳು. ‘ನಾನು ಅವನ್ನ ನೋಡ್ತಿವ್ನಿ, ಅವ್ನು ಕ್ಯಾಮೆರಾ ನೋಡ್ತಾವ್ನೆ. ಎಲ್ ತಪ್ಪೋಯ್ತು ಅಂತ ಯೋಳೋರ್ ಯಾರು?’

ಕಲಿಸುವುದರ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಹೊಳೆದಿರಲಿಲ್ಲ. ಅದು ನನ್ನ ಮಾತು ಅಂತ ಸೇರಿಸಿಬಿಡೋಣ ಅಂದುಕೊಂಡೆ. ಅವಳು ನೋಡುತ್ತಿದ್ದಳು, ಅವಳ ಹೆಸರಿಗೇ ಬರೆದುಕೊಂಡೆ.

೪

ಓದುಗರೇ, ಇನ್ನು ಮುಂದಿನದನ್ನು ನೀವು ಊಹಿಸಿರುತ್ತೀರಿ. ನಾನೂ ಅದನ್ನೇ ಊಹಿಸಿ, ಒಂದು ವಾರ ಕೂತು ಬರೆದೂ ಬಿಟ್ಟಿದ್ದೆ. ಬಿಳಿಯನಿಗೂ ಕಲಿಸಲಾಗದ ವಿದ್ಯೆ ಗಂಡ ಪುಟ್ಟಬಸಪ್ಪನ ಕೈಯಲ್ಲಿದೆ. ಅವನು ಎತ್ತಿನ ಮೇಲೆ ಚಾಟಿ ತಾಕಿಸದೆ, ಅದರ ಕಿವಿಯ ಪಕ್ಕದ ಗಾಳಿಯಲ್ಲಿ ‘ಚಟೀರ್’ ಅನ್ನಿಸಬಲ್ಲ. ಸುತ್ತಿನ ಊರಲ್ಲೆಲ್ಲ ಅದಕ್ಕೆ ಹೆಸರು. ನೆಲದ ಮಗ, ಮಣ್ಣಿನ ಜ್ಞಾನ, ಬೆವರಿನ ಗುರು. ಕೊನೆಗೆ ಮ್ಯಾನೇಜರು ಟೈ ಬಿಚ್ಚಿ ಅವನ ಕಾಲಿಗೆ ಬೀಳುವುದೊಂದು ಬಾಕಿ.

ಪುಟ್ಟಬಸಪ್ಪನೂ ಇದಕ್ಕೆ ಸಿದ್ಧನಾಗಿಯೇ ಬಂದ. ಚೆಂಡುಹೂ ಬಿಡಿಸುವ ಹೆಂಗಸರೆಲ್ಲ ಬದುವಿನ ಮೇಲೆ ಸಾಲಾಗಿ ಕೂತರು.

‘ಕೊಡಮ್ಮಿ ಇಲ್ಲಿ. ಚಾಟಿ ಬೀಸೋನ್ಗೆ ಇದ್ಯಾವ್ ಲೆಕ್ಕ? ಎಲ್ಲಾ ಮಣಿಕಟ್ಟಲ್ಲಿ ಅದೆ.’

ಕೋಲನ್ನು ಹಿಂದಕ್ಕೆ ಒಯ್ದ, ಕ್ಷಣವೂ ತಡೆಯದೆ ಮುಂದಕ್ಕೆ ಹೊಡೆದ. ಚಟೀರ್!

ಹೆಂಗಸರು ಚಪ್ಪಾಳೆ ತಟ್ಟಿದರು. ದೂರದಲ್ಲಿ ಯಾರದೋ ಎತ್ತು ಎದ್ದು ನಿಂತಿತು. ನಾನು ಪೆನ್ನು ಎತ್ತಿಕೊಂಡೆ. ಸುಧಾಮಣಿ ದಾರವನ್ನು ಎಳೆದು ನೋಡಿದಳು. ತುದಿಯಲ್ಲಿ ಕುಚ್ಚು ಇರಲಿಲ್ಲ. ಇನ್ನೊಂದು ಕುಚ್ಚು ಕಟ್ಟಿದಳು. ಚಟೀರ್! ಅದೂ ಹೋಯಿತು. ಮ್ಯಾನೇಜರು ಕೊಟ್ಟಿದ್ದ ಕುಚ್ಚುಗಳು ಒಂದೊಂದಾಗಿ ಚೆಂಡುಹೂವಿನ ಸಾಲಿನೊಳಗೆ ಮಾಯವಾದವು. ಕೊನೆಗೆ ಅತ್ತೆಯ ಸ್ವೆಟರಿನ ಅಂಚಿನಿಂದ ಉಲ್ಲನ್ ಎಳೆಯಬೇಕಾಯಿತು.

‘ಸದ್ದು ಬಂದ್ರೆ ತಪ್ಪು ಅಂತಾನೆ ಕಣಿ ಆ ಗಡ್ಡದವ್ನು,’ ಅಂದಳು ಗಂಡನಿಗೆ. ‘ದಾರ ಹಿಂದ್ಕೆ ಪೂರ್ತಿ ಓಗಾಕ್ ಮುಂಚೆ ಮುಂದ್ಕೆ ಎಳುದ್ರೆ ಚಟ್ ಅಂತದಂತೆ, ಕುಚ್ಚು ಕಿತ್ಕೊಂಡ್ ಓಯ್ತದಂತೆ.’

‘ಸದ್ದೇ ಬರ್ದೆ ಇದ್ರೆ ಬೀಸ್ದಂಗೆ ಎಂಗಾಯ್ತದೆ?’ ಅಂದ ಪುಟ್ಟಬಸಪ್ಪ. ಅವನಿಗೆ ನಿಜವಾಗಲೂ ಬೇಜಾರಾಗಿತ್ತು. ಹೆಂಗಸರು ಚಪ್ಪಾಳೆ ತಟ್ಟಿದ್ದನ್ನು ಎಲ್ಲರೂ ಕೇಳಿದ್ದರಲ್ಲ.

(ಒಂದು ವಾರದ ಬರವಣಿಗೆ ಹೋಯಿತು. ಮಣ್ಣಿನ ಜ್ಞಾನವನ್ನು ನಂಬಿ ಕೆಟ್ಟ ಲೇಖಕರಲ್ಲಿ ನಾನು ಮೊದಲನೆಯವನೇನಲ್ಲ.)

೪ ಅಥವಾ ೫

ಮೂರನೆಯ ಗುರು ಚಾಮರಾಜನಗರದಲ್ಲಿ ಸಿಕ್ಕ. ಮೊಬೈಲ್ ಅಂಗಡಿಯೊಂದರ ಮೇಲಿನ ಮಹಡಿ. ‘ಅಡ್ವೆಂಚರ್ ಅಂಡ್ ಪರ್ಸನಾಲಿಟಿ ಅಕಾಡೆಮಿ’. ನಡೆಸುವವನು ಸಾಗರ್ ಸರ್, ಕೂಲಿಂಗ್ ಗ್ಲಾಸ್ ತಲೆಯ ಮೇಲೆ. ಈಜು, ಬೆಟ್ಟ ಹತ್ತುವುದು, ಇಂಟರ್‌ವ್ಯೂ ಎದುರಿಸುವುದು, ಎಲ್ಲದಕ್ಕೂ ಒಂದೇ ಕೋರ್ಸು.

‘ಫ್ಲೈ ಕ್ಯಾಸ್ಟಿಂಗಾ? ಷೂರ್ ಮೇಡಂ. ಫಸ್ಟು ಮೈಂಡ್‌ಸೆಟ್ಟು. ನೀವು ಎಸೀತಿರೋದು ದಾರ ಅಲ್ಲ. ನಿಮ್ಮ ಭಯ!’

‘ಭಯ ಇಲ್ಲ ಸಾ. ದಾರ ನುಗ್ಗೆಮರಕ್ಕೆ ಸಿಕ್ಕೋಯ್ತದೆ.’

‘ನುಗ್ಗೆಮರಾನೂ ಮೈಂಡಲ್ಲೇ ಇರೋದು ಮೇಡಂ.’

ಪ್ರಾಕ್ಟಿಕಲ್ ಕ್ಲಾಸು ತಾರಸಿಯ ಮೇಲೆ. ಸಾಗರ್ ಸರ್ ಬಳಿ ಕೋಲು ಇರಲಿಲ್ಲ, ಅವಳದನ್ನೇ ಇಸಿದುಕೊಂಡ. ಹಿಡಿದ ರೀತಿಯಲ್ಲೇ ಗೊತ್ತಾಯಿತು, ಅವನ ಕೈ ಕ್ರಿಕೆಟ್ಟಿನದು. ಪುಲ್ ಶಾಟ್ ಹೊಡೆದ. ದಾರ ಹೋಗಿ ಪಕ್ಕದ ಮನೆಯ ಡಿಶ್ ಆಂಟೆನಾ ಸುತ್ತಿಕೊಂಡಿತು. ಕೆಳಗಿನಿಂದ ಒಂದು ಹೆಂಗಸಿನ ಗಂಟಲು, ‘ಯಾವನ್ಲಾ ಅವ್ನು, ಸೀರಿಯಲ್ ಓಯ್ತು!’

ಸಂಜೆಗೆ ಸರ್ಟಿಫಿಕೇಟು ಬಂತು. ಲ್ಯಾಮಿನೇಷನ್ ಇನ್ನೂ ಬಿಸಿಯಿತ್ತು. ಬಂಗಾರದ ಬಣ್ಣದ ಮುದ್ರೆ, ನೆಗೆಯುತ್ತಿರುವ ಡಾಲ್ಫಿನ್ನಿನ ಚಿತ್ರ, ‘ಸರ್ಟಿಫೈಡ್ ಇನ್‌ಸ್ಟ್ರಕ್ಟರ್’. ಕಲಿಯಲು ಹೋದವಳನ್ನು ಕಲಿಸುವವಳಾಗಿ ಮಾಡಿ ಕಳಿಸಿದ್ದ. ಅದು ಅವನ ಬಳಿ ಇದ್ದ ಒಂದೇ ಅಚ್ಚು.

ಸುಧಾಮಣಿ ಬಸ್‌ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತಳು. ಕೋಲಿನ ಚೀಲ ಪಕ್ಕದಲ್ಲಿ. ಬೆಂಗಳೂರಿನ ಗ್ರೂಪು ಬರಲು ಎರಡೇ ವಾರ ಉಳಿದಿತ್ತು. ಇಲ್ಲಿ ಅವಳನ್ನು ಅಳಿಸೋಣ ಅಂದುಕೊಂಡೆ.

‘ಅಳಾದೇನು? ಬಸ್‌ಸ್ಟ್ಯಾಂಡಲ್ಲಿ?’ ಅಂದಳು. ‘ಯಾರಾದ್ರೂ ಕುಂತ್ಕೊಳೋ ಅಂಗೆ ಪಕ್ಕಕ್ಕೆ ಸರೀತೀನಿ, ಬುಡಿ.’

ಸರಿದಳು. ಅದೇ ಒಳ್ಳೆಯದಾಯಿತು.

೬

ಪಕ್ಕದಲ್ಲಿ ಬಂದು ಕೂತ ಹೆಂಗಸಿನ ಹೆಸರು ಚಿಕ್ಕಮಲ್ಲಮ್ಮ, ಉಡಿಗಾಲದವಳು. ಮಂಡಿಯ ಮೇಲೆ ಎಲೆಕೋಸಿನ ಚೀಲ. ಚೀಲ ಇಳಿಸುವುದಕ್ಕೂ ಮುಂಚೆ ಕೋಲಿನ ಕಡೆ ಕಣ್ಣು ಹೋಯಿತು.

‘ಇದ್ಯಾನವ್ವ, ನಿಮ್ ಮನೆಗೂ ಈ ಪೀಡೆ ಅಂಟ್ಕೊಂತಾ?’

‘ಯಾನಕ್ಕ, ನಿಮ್ಗೆ ಗೊತ್ತಾ ಇದು?’

‘ಗೊತ್ತಿಲ್ದೆ? ನಮ್ ಮಾವಂದು ಇಂತದ್ದೇ ಒಂದು ಅಟ್ಟದ್ ಮ್ಯಾಲೆ ಅದೆ. ಮುಟ್ಟಾಕೂ ಬುಡಾಕಿಲ್ಲ, ಎಸಿಯಾಕೂ ಬುಡಾಕಿಲ್ಲ. ನೀಲಗಿರೀಲಿ ಟೀ ಎಸ್ಟೇಟ್ನಲ್ಲಿ ರೈಟ್ರಾಗಿದ್ರು. ಅಲ್ಲಿದ್ದ ದೊರೆ ಜೊತೆ ಹಳ್ಳದಲ್ಲಿ ಮೀನ್...’ ಅಂದು ಸುತ್ತ ನೋಡಿ, ದನಿ ತಗ್ಗಿಸಿ, ‘ಅದೇ, ನೀರಲ್ಲಿ ಇರ್ತದಲ್ಲ, ಅದನ್ನ ಹಿಡಿಯಕ್ಕೆ ಓಗೋರಂತೆ. ಊರಲ್ ಯಾರ್ಗೂ ಯೋಳ್ಬ್ಯಾಡಿ. ಸ್ವಾಮ್ಗಳ ಮನೆ ನಮ್ದು.’

ಆ ಮಾವನೇ ಗುರುಪಾದಸ್ವಾಮಿ.

(ತಾಳಿ. ವಿನಯವಂತ, ಮಾತು ಕಡಿಮೆ, ಬರಿಗಾಲು, ಒಳಗೆ ವಿದ್ಯಾಸಾಗರ. ಹೀಗೇ ಅಲ್ಲವೇ ನೀವು ಅಂದುಕೊಂಡಿದ್ದು? ಗುರುಪಾದಸ್ವಾಮಿಯವರು ಅಂಥವರಲ್ಲ.)

ಮರುದಿನ ಸುಧಾಮಣಿ ಉಡಿಗಾಲಕ್ಕೆ ಹೋದಾಗ ಅವರು ಜಗಲಿಯ ಮೇಲೆ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಯಾರೂ ಫೋಟೋ ತೆಗೆಯದಿದ್ದರೂ ಫೋಟೋಕ್ಕೆ ಕೂತವರ ಹಾಗೆ ಕೂತಿದ್ದರು. ಹಣೆಯಲ್ಲಿ ಅಚ್ಚುಕಟ್ಟಾಗಿ ಮೂರು ಗೆರೆ ವಿಭೂತಿ. ಬಲಭುಜ ಹಿಡಿದುಕೊಂಡು ಕೈ ಎದೆಯ ಮೇಲಕ್ಕೆ ಏಳುತ್ತಿರಲಿಲ್ಲ. ನೀಲಗಿರಿಯಲ್ಲಿ ತಮ್ಮಷ್ಟು ದೂರ ಎಸೆದವರು ಇರಲಿಲ್ಲ ಅಂದರು. ದೊರೆಗೇ ತಾವು ಕಲಿಸಿದ್ದು ಅಂದರು. ಅಲ್ಲಿನ ಮೀನಿಗೆ ತಮಿಳು ಬಿಟ್ಟು ಬೇರೆ ಭಾಷೆ ಅರ್ಥವಾಗುವುದಿಲ್ಲ ಅಂದರು. ಇದರಲ್ಲಿ ಎಷ್ಟು ನಿಜವೋ ನಾನು ವಿಚಾರಿಸಲು ಹೋಗಲಿಲ್ಲ.

‘ಅಯ್ನೋರೆ, ನಂಗೆ ಕಲ್ಸಿ,’ ಅಂದಳು ಸುಧಾಮಣಿ.

‘ಎಸಿ, ನೋಡನ.’

ಮನೆಯ ಹಿಂದೆ ಅರಿಸಿನ ಕಿತ್ತು ಬೀಳುಬಿಟ್ಟ ಹೊಲ. ಎಸೆದಳು. ದಾರ ಅವಳ ಕಾಲಿಗೇ ಸುತ್ತಿಕೊಂಡಿತು.

‘ಇನ್ನೊಂದಪ.’

ಎಸೆದಳು. ಗುರುಪಾದಸ್ವಾಮಿಗಳು ಬಾಯಿ ಮುಚ್ಚಿಕೊಂಡು ನೋಡುತ್ತಲೇ ಇದ್ದರು. ಬಡಾಯಿ ನಿಂತಿದ್ದೇ ಅವರ ಮುಖ ಬೇರೆ ಯಾರದೋ ಮುಖದ ಹಾಗೆ ಕಂಡಿತು. ಬಹಳ ಹೊತ್ತಾದ ಮೇಲೆ ಒಂದೇ ಮಾತು ಹೇಳಿದರು.

‘ಹಿಂದೆ ನೋಡು.’

ಅವಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

‘ಅಂಗಲ್ಲವ್ವ. ಹಿಂದಕ್ಕೆ ಬೀಸ್ದಾಗ ಕತ್ತು ತಿರುಗ್ಸಿ ದಾರಾನ ನೋಡು. ಅದು ಪೂರ್ತಿ ಚಾಚ್ಕೋಬೇಕು. ಚಾಚ್ಕೊಳೋ ಗಂಟ ಸುಮ್ನಿರು. ಆಮ್ಯಾಕೆ ಮುಂದ್ಕೆ. ಮುಂದ್ಕೆ ಎಸಿಯೋರು ಊರ್ ತುಂಬ ಅವ್ರೆ, ಹಿಂದ್ಕೆ ಎಸಿಯೋನ್ ಒಬ್ಬ ಇಲ್ಲ.’

ಅವತ್ತು ಅಷ್ಟೇ. ಮೊಣಕೈ ಆಡುತ್ತಿತ್ತು, ಹೇಳಲಿಲ್ಲ. ಕಾಲು ತಪ್ಪಿತ್ತು, ಹೇಳಲಿಲ್ಲ. ಸಂಜೆಯವರೆಗೆ ಅವಳು ಹಿಂದೆ ನೋಡಿದಳು. ಹೊತ್ತು ಇಳಿಯುವ ಮುಂಚೆ ಒಂದು ಸಲ, ಒಂದೇ ಸಲ, ದಾರ ಹಿಂದಕ್ಕೆ ಉದ್ದಕ್ಕೆ ಚಾಚಿ, ಗಾಳಿಯಲ್ಲಿ ಮಲಗಿದ ಹಾಗಾಗಿ, ಆಮೇಲೆ ಸದ್ದೇ ಇಲ್ಲದೆ ಅವಳ ತಲೆಯ ಮೇಲಿನಿಂದ ಮುಂದಕ್ಕೆ ಹೋಗಿ ಬಿತ್ತು. ಗುರುಪಾದಸ್ವಾಮಿಗಳು ಎದ್ದು ಒಳಗೆ ಹೋದರು. ಹೊಗಳುವುದು ಅವರ ಅಭ್ಯಾಸವಲ್ಲ, ತಮ್ಮನ್ನು ಬಿಟ್ಟು.

ದಕ್ಷಿಣೆಯ ಮಾತು ಬಂತು. ಎಲೆ ಅಡಿಕೆ ಇಟ್ಟು ಕೇಳಿದಳು. ಗುರುವಿಗೆ ಏನೂ ಕೊಡದ ವಿದ್ಯೆ ಕೈಹತ್ತುವುದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ.

‘ದುಡ್ಡು ಬ್ಯಾಡ. ನೀನು ಎಸ್ದು ಹಿಡಿದ ಮೊದಲ್ನೇ ಮೀನು ನಂಗೆ ತಂದ್ ತೋರ್ಸು.’

ಒಳಗೆ ಚಿಕ್ಕಮಲ್ಲಮ್ಮನ ಕೈಯಿಂದ ಲೋಟ ಬಿತ್ತು. ‘ಮಾವಾ!’

‘ತೋರ್ಸು ಅಂದೆ ಕಣವ್ವ. ತಿನ್ಸು ಅಂದ್ನಾ?’

ಲೇಖಕನಾಗಿ ನನಗೊಂದು ಅನುಮಾನ. ‘ಮೀನು’ ಅನ್ನುವಾಗ ಅವರ ಮೂಗಿನ ಹೊಳ್ಳೆ ಸ್ವಲ್ಪ ಅರಳಿತು. ಸುಧಾಮಣಿ ಇದನ್ನು ಒಪ್ಪುವುದಿಲ್ಲ. ಅವರ ಮೂಗೇ ಅಂಥದ್ದು ಅನ್ನುತ್ತಾಳೆ. ವಿಚಾರ ಇನ್ನೂ ತೀರ್ಮಾನವಾಗಿಲ್ಲ.

ಅಂತೂ ಅವಳು ಒಪ್ಪಿಕೊಂಡಳು. ಒಪ್ಪಿಕೊಂಡು ಬಸ್ಸು ಹತ್ತಿದ ಮೇಲೆ ಹೊಳೆಯಿತು. ತಾನು ಕಲಿಯುತ್ತಿರುವುದು ಮೀನಿಲ್ಲದ ಗಾಳ. ಒಪ್ಪಿಕೊಂಡಿರುವುದು ಮೀನಿನ ಸಾಲ.

೭

ಗ್ರೂಪು ಬಂತು. ಎಲ್ಲರೂ ಒಂದೇ ಬಣ್ಣದ ಟೀಷರ್ಟು ಹಾಕಿಕೊಂಡು ಹುಲ್ಲುಹಾಸಿನ ಮೇಲೆ ನಿಂತರು.

ಇಲ್ಲಿ ಮೂರು ಕರಡುಗಳು ಸತ್ತಿವೆ. ಒಂದರಲ್ಲಿ ಕುಚ್ಚಿನ ಕೊಕ್ಕೆ ಮ್ಯಾನೇಜರನ ಕಿವಿಗೆ ಚುಚ್ಚಿಕೊಳ್ಳುತ್ತದೆ. (‘ಕೊಕ್ಕೆನೇ ಇಲ್ಲ ಅಂದ್ನಲ್ಲ ಸಾ!’) ಇನ್ನೊಂದರಲ್ಲಿ ಬೇಲಿಯಾಚೆ ಆನೆ ಬಂದು ನಿಂತು ಎಲ್ಲರಿಗೂ ಪ್ರಕೃತಿಯ ಪಾಠ ಹೇಳುತ್ತದೆ. (ಕಾಡಂಚಿನ ಕಥೆಗೆ ಆನೆ ಬೇಕೆಂದು ನನಗೂ ಆಸೆ. ಬರಲಿಲ್ಲ. ಅದಕ್ಕೆ ಬೇರೆ ಕೆಲಸವಿತ್ತು.) ಮೂರನೆಯದನ್ನು ನಾನೇ ಓದಲಾರದೆ ಹರಿದೆ.

ನಡೆದಿದ್ದು ಇಷ್ಟು. ಸುಧಾಮಣಿ ಬೆಳಿಗ್ಗೆ ಬೇಗ ಹೋಗಿ, ಹುಲ್ಲುಹಾಸಿನ ಹಿಂಬದಿಗೆ ಹಗ್ಗ ಕಟ್ಟಿ, ಲಿನನ್ ರೂಮಿನ ಬಿಳೀ ಬೆಡ್‌ಶೀಟುಗಳನ್ನೆಲ್ಲ ಸಾಲಾಗಿ ಹರವಿದ್ದಳು. ಆಷಾಢದ ಗಾಳಿಗೆ ಹಾರದ ಹಾಗೆ ಕೆಳಗೂ ಕಟ್ಟಿದ್ದಳು. ಇದು ಗುರುಪಾದಸ್ವಾಮಿ ಹೇಳಿಕೊಟ್ಟದ್ದಲ್ಲ. ಇದೇ ಹುಲ್ಲಿನ ಮೇಲೆ ಅಭ್ಯಾಸ ಮಾಡುವಾಗ ಕಾಡಿನ ಗಿಡಮರಗಳ ಗಜಿಬಿಜಿಯಲ್ಲಿ ದಾರ ಕಣ್ಣಿಗೆ ಕಾಣದೆ ತಾನೇ ಒದ್ದಾಡಿದ್ದಳು, ಅದರಿಂದ ಹೊಳೆದದ್ದು. ಕಿತ್ತಳೆ ಬಣ್ಣದ ದಾರ ಬಿಳಿಯ ಮುಂದೆ ಚೆನ್ನಾಗಿ ಕಾಣುತ್ತದೆ.

ಮ್ಯಾನೇಜರು ಓಡಿ ಬಂದ. ‘ಏನ್ರೀ ಇದು, ಗೆಸ್ಟುಗಳ ಎದುರಿಗೆ ಬಟ್ಟೆ ಒಣಗಿಸ್ತಿದೀರಾ? ರೆಸಾರ್ಟೋ ಧೋಬಿಘಾಟೋ? ತೆಗೀರಿ ಫಸ್ಟು!’

‘ತೆಗುದ್ರೆ ಅವ್ರಿಗೆ ದಾರ ಕಾಣಲ್ಲ ಸಾ.’

‘ತೆಗೀರಿ ಅಂದೆ.’

ಹಗ್ಗಕ್ಕೆ ಕೈ ಹಾಕಿದಳು. ಗಂಟು ಅರ್ಧ ಬಿಚ್ಚಿದಳು. (ಇದು ನಾನು ಬರೆದದ್ದಲ್ಲ, ಅವಳೇ ಹೇಳಿದ್ದು.) ಒಳಗಿನ ಟ್ಯೂಬ್‌ಲೈಟು ಕಣ್ಣ ಮುಂದೆ ಬಂದಿತಂತೆ. ಹಗ್ಗ ಬಿಟ್ಟು ಹಿಂದಿರುಗಿ, ಗ್ರೂಪಿನ ಮುಂದೆ ಹೋಗಿ ನಿಂತುಬಿಟ್ಟಳು.

‘ಒಬ್ಬೊಬ್ಬರೇ ಎಸೀರಿ. ನಾನು ನೋಡ್ತೀನಿ.’

ಅಷ್ಟೇ ಹೇಳಿದಳು. ಗಡಿಯಾರ ಇಲ್ಲ, ಚಟೀರ್ ಇಲ್ಲ, ‘ನಿಮ್ಮ ಭಯ’ ಇಲ್ಲ. ಮೊದಲು ಬಂದವರು ಆ ಕಂಪನಿಯ ಮೇಡಮ್ಮೇ. ಎಸೆದರು, ಮುಖಕ್ಕೆ ಬಿತ್ತು. ಉಳಿದವರು ನಗಲೋ ಬೇಡವೋ ಅಂತ ಒಬ್ಬರನ್ನೊಬ್ಬರು ನೋಡಿಕೊಂಡರು. ಸುಧಾಮಣಿ ಅವರ ಹಿಂದೆ ಹೋಗಿ ನಿಂತಳು. ಮತ್ತೆ ಎಸೆಯಲು ಹೇಳಿ, ನೋಡಿ, ಆಮೇಲೆ ಅಂದಳು, ‘ಹಿಂದೆ ನೋಡಿ ಮೇಡಂ.’

ಮೇಡಂ ಹಿಂದೆ ನೋಡಿದರು. ಬಿಳೀ ಬೆಡ್‌ಶೀಟುಗಳ ಮುಂದೆ ಕಿತ್ತಳೆ ದಾರ ನಿಧಾನವಾಗಿ ಬಿಚ್ಚಿಕೊಳ್ಳುತ್ತಿರುವುದನ್ನು ಕಂಡರು. ಕಂಡು ಅಲ್ಲೇ ನಿಂತರು, ಮುಂದಕ್ಕೆ ಎಸೆಯುವುದೇ ಮರೆತು.

‘ಹೋ!’ ಅಂದರು.

ಆಮೇಲೆ ಎಲ್ಲರಿಗೂ ಹಿಂದೆ ನೋಡಬೇಕಾಯಿತು. ಊಟಕ್ಕೆ ಕರೆದರೂ ಹೋಗಲಿಲ್ಲ. ಅಡಿಗೆಮನೆಯವರು ಬಿರಿಯಾನಿ ಆರಿತು ಅಂತ ಬೈದುಕೊಂಡರು.

೮

ಹಾಗಾದರೆ ಗೆದ್ದಳು. ಅಲ್ಲವೇ?

ಗ್ರೂಪು ಹೋದ ಮೇಲೆ ಮ್ಯಾನೇಜರು ಕರೆದ. ‘ನೋಡಿ, ಮೇಡಂ ಫೀಡ್‌ಬ್ಯಾಕ್ ಚೆನ್ನಾಗಿ ಬರ್ದಿದಾರೆ. ಬೆಡ್‌ಶೀಟು ವಿಷಯ ಬಿಟ್ಬಿಡೋಣ. ಆದ್ರೆ ಹೆಡ್ಡಾಫೀಸಿನವರು ಒಪ್ಪಲ್ಲ. ಇನ್‌ಸ್ಟ್ರಕ್ಟರ್ ಅಂದ್ರೆ ಸರ್ಟಿಫೈಡ್ ಆಗಿರ್ಬೇಕಂತೆ. ನಿಮ್ಹತ್ರ ಪೇಪರ್ ಏನಾದ್ರೂ ಇದೆಯಾ?’

ಸುಧಾಮಣಿ ವ್ಯಾನಿಟಿ ಬ್ಯಾಗಿನಿಂದ ಡಾಲ್ಫಿನ್ ತೆಗೆದಳು.

ಮ್ಯಾನೇಜರು ಬಂಗಾರದ ಮುದ್ರೆಯನ್ನು ಹೆಬ್ಬೆರಳಿನಿಂದ ಸವರಿದ. ‘ಅರೆ, ಮೊದ್ಲೇ ಹೇಳೋದಲ್ವಾ?’

ಹೀಗೆ ಆಕ್ಟಿವಿಟಿ ಡೆಸ್ಕು ಅವಳದಾಯಿತು. ಹೆಡ್ಡಾಫೀಸಿನ ಕಡತದಲ್ಲಿ ಅವಳ ಗುರು ಸಾಗರ್ ಸರ್. ಈಗ ಅವನ ಅಕಾಡೆಮಿಯ ಬೋರ್ಡಿನಲ್ಲಿ ಅವಳ ಫೋಟೋ ಇದೆ, ಕೆಳಗೆ ‘ನಮ್ಮ ಹೆಮ್ಮೆಯ ವಿದ್ಯಾರ್ಥಿನಿ’. ತಾರಸಿಯ ಆಂಟೆನಾ ಮಾತ್ರ ಇನ್ನೂ ವಾಲಿದೆ.

ಉಡಿಗಾಲದ ಜಗಲಿಯಲ್ಲಿ ಕೂತ ಮುದುಕರಿಗೆ ಯಾವ ಬೋರ್ಡೂ ಇಲ್ಲ. ಅದಕ್ಕೇ ಆ ಮೀನಿನ ಸಾಲ ಅವಳಿಗೆ ಮುಂಚಿಗಿಂತ ಭಾರವಾಯಿತು. ‘ಅಲ್ಲೀ ಗಂಟ ಬರೀ ಮಾತಾಗಿತ್ತು ಸಾ. ಆ ಡಾಲ್ಫಿನ್ ತೋರ್ಸಿದ್ ಮ್ಯಾಲೆ ಕುಂತ್ರೂ ನಿಂತ್ರೂ ಅದೇ ಆಗೋಯ್ತು. ಅವ್ರ ಹೆಸ್ರು ನಾನು ಎಲ್ಲೂ ಯೋಳ್ನಿಲ್ವಲ್ಲ. ಮೀನಾದ್ರೂ ಕೊಡ್ಬೇಕು.’

೯ (ಇದೇ ಕೊನೆಯದು ಅಂತ ನಾನೇನೂ ಹೇಳುತ್ತಿಲ್ಲ)

ವಾರದ ರಜೆಯ ದಿನ, ಬೆಳಿಗ್ಗೆ. ಬೇಗೂರಿನ ಆಚೆಯ ಒಂದು ಕೆರೆ. ಮೀನು ಸಾಕಲು ಗುತ್ತಿಗೆ ಹಿಡಿದವನ ಹತ್ತಿರ ಕೇಳಿಕೊಂಡು ಬಂದಿದ್ದಾಳೆ. ‘ಉಲ್ಲನ್ನಿಗೆ ಬೀಳೋ ಅಂತ ದಡ್ಡ ಮೀನು ನನ್ ಕೆರೇಲಿದ್ರೆ ತಕ್ಕೊಂಡೋಗವ್ವ’ ಅಂತ ಅವನು ನಕ್ಕಿದ್ದಾನೆ. ಪುಟ್ಟಬಸಪ್ಪ ಹೂವಿನ ಚೀಲ ಇಳಿಸಿದ ಗೂಡ್ಸ್ ಆಟೋದಲ್ಲೇ ಉಡಿಗಾಲಕ್ಕೆ ಹೋಗಿ ಗುರುಪಾದಸ್ವಾಮಿಯನ್ನು ಕರೆತಂದಿದ್ದಾನೆ. ಅವರು ಏರಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಸ್ತ್ರಿ ಷರ್ಟಿನಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಸೊಸೆ ಚಿಕ್ಕಮಲ್ಲಮ್ಮ. ತೋರಿಸುವುದು ತೋರಿಸುವುದರಲ್ಲೇ ನಿಲ್ಲುತ್ತದೋ ನೋಡಿಕೊಳ್ಳಲು ಬಂದವಳು.

ಇವತ್ತು ಕುಚ್ಚಿನೊಳಗೆ ಕೊಕ್ಕೆಯಿದೆ. ಮನೆಯಲ್ಲಿ ಅತ್ತೆಗೆ ಹೇಳಿಲ್ಲ. ಕಟ್ಟುವಾಗ ಸುಧಾಮಣಿಯ ಬೆರಳಿಗೇ ಮೊದಲು ಚುಚ್ಚಿತು.

ಈಗ ಮುಗಿಸಬೇಕು. ನನ್ನ ಬಳಿ ಮೂರು ಮುಕ್ತಾಯಗಳಿವೆ, ನಿಮಗೆ ಬೇಕಾದ್ದು ಆರಿಸಿಕೊಳ್ಳಿ.

ಮೀನು ಬೀಳುತ್ತದೆ. ಗುರುಪಾದಸ್ವಾಮಿ ಅದನ್ನು ಅಂಗೈಯಲ್ಲಿ ಹಿಡಿದು, ಕಣ್ಣು ತುಂಬಿಕೊಂಡು, ನೀರಿಗೆ ಬಿಡುತ್ತಾರೆ. (ಇದು ಶಾಲೆಯ ಪಠ್ಯಕ್ಕೆ ಆದೀತು.)

ಮೀನು ಬೀಳುತ್ತದೆ. ಗುರುಪಾದಸ್ವಾಮಿ, ‘ಚಿಕ್ಕಮಲ್ಲೀ, ಆಟೋ ಬಂತಾ ನೋಡು’ ಅಂತ ಸೊಸೆಯನ್ನು ಆಚೆ ಕಳಿಸುತ್ತಾರೆ. (ಇದು ನನ್ನದು. ಆ ಮೂಗಿನ ಹೊಳ್ಳೆಯನ್ನು ನಾನು ಮರೆತಿಲ್ಲ.)

ಮೀನು ಬೀಳುವುದಿಲ್ಲ. (ಇದಕ್ಕೆ ಬಹುಮಾನ ಬರುತ್ತದೆ.)

‘ಸಾ,’ ಅಂದಳು ಸುಧಾಮಣಿ, ನೀರಿನ ಕಡೆಯಿಂದ ಕಣ್ಣು ತೆಗೆಯದೆ. ‘ನೀವು ಚಾಟಿ ಬೀಸೋರು. ಸದ್ದು ಬರ್ನಿಲ್ಲ ಅಂದ್ರೆ ನಿಮ್ಗೆ ಕಥೆ ಆದಂಗೇ ಇಲ್ಲ.’

‘ಹಾಗಲ್ಲ ಸುಧಾಮಣಿ, ಓದುವವರು ಕಾಯ್ತಾ ಇದಾರೆ. ಸಾಲ ತೀರಿತೋ ಇಲ್ಲವೋ ಅಂತ ಒಂದು ಮಾತು...’

‘ತೀರೋದ್ರೆ ಆ ಅಯ್ನೋರು ಮುಂದಿನ್ ವಾರ ಯಾಕ್ ಬತ್ತಾರೆ?’

ಏರಿಯ ಮೇಲೆ ನೋಡಿದರೆ ಮುದುಕರು ಕುರ್ಚಿಯ ಅಂಚಿಗೆ ಸರಿದು ಕೂತಿದ್ದರು. ಏಳದ ಬಲಗೈ ಮಂಡಿಯ ಮೇಲೆ ತಾನಾಗಿಯೇ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು.

ಸುಧಾಮಣಿ ದಾರ ಎತ್ತಿದಳು. ನೀರು ಸಣ್ಣಗೆ ಸೀಳಿತು. ಅಲ್ಲೇ ಹತ್ತಿರದಲ್ಲಿ, ಜೊಂಡಿನ ಪಕ್ಕ, ಏನೋ ಒಂದು ಬೆನ್ನು ತಿರುಗಿಸಿ ಮುಳುಗಿದ್ದನ್ನು ಪುಟ್ಟಬಸಪ್ಪ ನೋಡಿದ. ‘ಅಗೋ ಅಗೋ! ಎಸಿಯಮ್ಮಿ, ಎಸಿ, ಈಗ!’

‘ಇನ್ನೂ ಮೊಣಕೈ ಆಡ್ತಾ ಅದೆ,’ ಅಂದರು ಗುರುಪಾದಸ್ವಾಮಿ ಮೇಲಿನಿಂದ, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. ‘ಇವತ್ತೇ ಮೀನ್ ಯಾಕವ್ವ? ಅವ್ಸರ ಏನದೆ?’

ಅವಳು ಕೋಲನ್ನು ಹಿಂದಕ್ಕೆ ಒಯ್ದು ನಿಲ್ಲಿಸಿದಳು. ಕತ್ತು ತಿರುಗಿಸಿ ನೋಡಿದಳು. ನಾನು ಮುಂದಿನ ವಾಕ್ಯಕ್ಕೆ ಬಾಯಿ ತೆರೆದೆ.

‘ಸುಮ್ನಿರಿ ಸಾ,’ ಅಂದಳು. ‘ದಾರ ಇನ್ನೂ ಚಾಚ್ಕೊಂತಾ ಅದೆ.’